ಸಿಂಪಥೆಟಿಕ್ ನರವ್ಯೂಹವನ್ನು ತಡೆಯುವ ಔಷಧಗಳು: ನಿಮ್ಮ ಮಾತ್ರೆ ದೇಹದೊಳಗೆ ಎಲ್ಲಿ ಕೆಲಸ ಮಾಡುತ್ತದೆಂದು ತಿಳಿಯುವ ಬಗೆ

ರಕ್ತದೊತ್ತಡಕ್ಕೆ ಅಟೆನೊಲಾಲ್ ನುಂಗುವವರು, ಮೂತ್ರ ಸರಾಗವಾಗಲೆಂದು ಟ್ಯಾಮ್ಸುಲೊಸಿನ್ ತೆಗೆದುಕೊಳ್ಳುವ ಹಿರಿಯರು, ಬಸುರಿನಲ್ಲಿ ಬಿಪಿ ಏರಿ ಮೀಥೈಲ್‌ಡೋಪಾ ಪಡೆಯುವ ಹೆಂಗಸರು, ಗ್ಲಾಕೋಮಾಕ್ಕೆ ಟಿಮೊಲಾಲ್ ಹನಿ ಹಾಕಿಕೊಳ್ಳುವವರು, ಇವರೆಲ್ಲರ ಔಷಧಗಳೂ ಒಂದೇ ಕುಟುಂಬಕ್ಕೆ ಸೇರಿದವು ಎಂದರೆ ಹಲವರು ನಂಬಲಾರರು. ಕಾಯಿಲೆಗಳು ಬೇರೆ, ಅಂಗಗಳು ಬೇರೆ, ಚೀಟಿ ಬರೆಯುವ ವೈದ್ಯರೂ ಬೇರೆ. ಆದರೂ ಈ ಎಲ್ಲ ಔಷಧಗಳು ಮಾಡುವ ಕೆಲಸ ಒಂದೇ: ಸಿಂಪಥೆಟಿಕ್ ನರವ್ಯೂಹವು ಅಂಗಗಳಿಗೆ ಕಳುಹಿಸುವ ಆಜ್ಞೆಯನ್ನು ದಾರಿಯ ಯಾವುದಾದರೊಂದು ಜಾಗದಲ್ಲಿ ತಡೆಯುವುದು.

ಆ ಜಾಗ ಯಾವುದೆಂದು ಗೊತ್ತಾದರೆ ಔಷಧದ ಪ್ರಯೋಜನ, ಅಡ್ಡಪರಿಣಾಮ, ಯಾರಿಗೆ ಕೊಡಬಾರದು, ಹೇಗೆ ನಿಲ್ಲಿಸಬೇಕು ಎಂಬುದೆಲ್ಲ ಬಾಯಿಪಾಠ ಮಾಡಬೇಕಾದ ಪಟ್ಟಿಯಾಗಿ ಉಳಿಯದೆ, ಒಂದರಿಂದೊಂದು ತಾನಾಗಿ ಹೊರಡುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಆ ತಿಳಿವಳಿಕೆಗೆ ದಾರಿ ತೋರಿಸಲೆಂದೇ ಈ ಲೇಖನ. ಔಷಧದ ಪ್ರಮಾಣವನ್ನು ನೀವೇ ಬದಲಾಯಿಸಿಕೊಳ್ಳಲು ಇದನ್ನು ಬಳಸಬೇಡಿ. ವೈದ್ಯರ ಮುಂದೆ ಕುಳಿತಾಗ ಸರಿಯಾದ ಪ್ರಶ್ನೆ ಕೇಳಲು, ಅವರು ಹೇಳಿದ್ದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಲು ಬಳಸಿಕೊಳ್ಳಿ.

ಹಂತ 1: ಆಜ್ಞೆ ಸಾಗುವ ದಾರಿಯನ್ನು ಗುರುತಿಸಿಕೊಳ್ಳಿ

ನಮ್ಮ ಇಚ್ಛೆಗೆ ಒಳಪಡದೆ ಹೃದಯ, ರಕ್ತನಾಳ, ಕರುಳು, ಮೂತ್ರಕೋಶಗಳನ್ನು ನಡೆಸುವ ಸ್ವಯಂಚಾಲಿತ ನರವ್ಯೂಹದಲ್ಲಿ ಎರಡು ಮುಖ್ಯ ವಿಭಾಗಗಳಿವೆ. ಪಠ್ಯಪುಸ್ತಕಗಳು ಅನುವೇದನಾ ನರವ್ಯೂಹ ಎನ್ನುವ ಸಿಂಪಥೆಟಿಕ್ ವಿಭಾಗ ದೇಹವನ್ನು ಓಟಕ್ಕೆ, ಹೋರಾಟಕ್ಕೆ, ಗಾಯಕ್ಕೆ, ಚಳಿಗೆ ಸಜ್ಜುಗೊಳಿಸುತ್ತದೆ. ಪ್ಯಾರಾಸಿಂಪಥೆಟಿಕ್ ವಿಭಾಗ ವಿಶ್ರಾಂತಿ, ಜೀರ್ಣಕ್ರಿಯೆಗಳ ಕಡೆ ನೋಡಿಕೊಳ್ಳುತ್ತದೆ. ಸಿಂಪಥೆಟಿಕ್ ವಿಭಾಗ ಅಪಾಯದ ಹೊತ್ತಿನಲ್ಲಿ ಮಾತ್ರ ಎಚ್ಚರಗೊಳ್ಳುತ್ತದೆ ಎಂಬ ಕಲ್ಪನೆ ಸರಿಯಲ್ಲ. ಹಾಸಿಗೆಯಿಂದ ಎದ್ದು ನಿಂತಾಗಲೆಲ್ಲ ರಕ್ತ ಕಾಲುಗಳ ಕಡೆಗೆ ಇಳಿಯುತ್ತದೆ. ಕೆಲವೇ ಕ್ಷಣಗಳಲ್ಲಿ ರಕ್ತನಾಳಗಳನ್ನು ಬಿಗಿಗೊಳಿಸಿ, ಹೃದಯದ ಬಡಿತವನ್ನು ತುಸು ಏರಿಸಿ, ಮೆದುಳಿಗೆ ರಕ್ತ ಕಡಿಮೆಯಾಗದಂತೆ ಕಾಯುವುದು ಇದೇ ವಿಭಾಗ. ಇದನ್ನು ನೆನಪಿಟ್ಟುಕೊಳ್ಳಿ, ಈ ಔಷಧಗಳಲ್ಲಿ ಹಲವು ತಲೆಸುತ್ತು ತರುವುದು ಏಕೆಂಬುದಕ್ಕೆ ಉತ್ತರ ಇಲ್ಲೇ ಇದೆ.

ಆಜ್ಞೆ ಹೊರಡುವುದು ಮೆದುಳಿನ ಕಾಂಡದಲ್ಲಿರುವ ಕೇಂದ್ರಗಳಿಂದ. ಅಲ್ಲಿಂದ ಬೆನ್ನುಹುರಿಗೆ ಇಳಿದು, ಎದೆಯ ಭಾಗದಿಂದ ಸೊಂಟದ ಮೇಲ್ಭಾಗದವರೆಗಿನ ಬೆನ್ನುಹುರಿಯಿಂದ ಹೊರಬಂದು, ಬಹುಪಾಲು ಬೆನ್ನೆಲುಬಿನ ಪಕ್ಕದಲ್ಲೇ ಸಾಲಾಗಿರುವ ನರಗಂಟುಗಳನ್ನು ತಲುಪುತ್ತದೆ. ನರಗಂಟಿನಲ್ಲಿ ಮೊದಲ ನರಕೋಶ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಟ್ಟು ಎರಡನೆಯ ನರಕೋಶವನ್ನು ಚುರುಕುಗೊಳಿಸುತ್ತದೆ. ಆ ಎರಡನೆಯ ನರಕೋಶದ ತುದಿ ಅಂಗದ ಬಳಿ ನಾರ್‌ಅಡ್ರಿನಲಿನ್ ಸುರಿಸುತ್ತದೆ. ಅದು ಅಂಗದ ಕೋಶಗಳ ಮೇಲಿದ್ದು ಇಂಥ ರಾಸಾಯನಿಕಗಳನ್ನು ಬರಮಾಡಿಕೊಳ್ಳುವ ಗ್ರಾಹಕಗಳಿಗೆ (ರಿಸೆಪ್ಟರ್) ಅಂಟಿಕೊಂಡಾಗ ಆಜ್ಞೆ ನೆರವೇರುತ್ತದೆ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳ ಒಳಭಾಗವೂ ಈ ವ್ಯವಸ್ಥೆಯದೇ ಅಂಗ. ಅದು ಅಡ್ರಿನಲಿನ್ ಅನ್ನು ನೇರವಾಗಿ ರಕ್ತಕ್ಕೆ ಸೇರಿಸುತ್ತದೆ. ಬೆವರಿನ ಗ್ರಂಥಿಗಳು ಮಾತ್ರ ಒಂದು ವಿಚಿತ್ರ ಅಪವಾದ: ಅಲ್ಲಿ ಸಿಂಪಥೆಟಿಕ್ ನರದ ತುದಿಯೂ ಬಿಡುವುದು ಅಸಿಟೈಲ್‌ಕೋಲಿನನ್ನೇ. ಮಧುಮೇಹಿಗಳಿಗೆ ಈ ಸಣ್ಣ ಅಪವಾದ ಎಷ್ಟು ಮುಖ್ಯ ಎಂಬುದು ಮುಂದೆ ಬರುತ್ತದೆ.

ಹಾಗಾದರೆ ಆಜ್ಞೆಯನ್ನು ತಡೆಯಬಹುದಾದ ಜಾಗಗಳು ನಾಲ್ಕು: ಮೆದುಳು, ನರಗಂಟು, ನರದ ತುದಿ, ಮತ್ತು ಅಂಗದ ಮೇಲಿನ ಗ್ರಾಹಕ. ಔಷಧ ಮೇಲಿನ ಹಂತದಲ್ಲಿ ತಡೆದಷ್ಟೂ ಪರಿಣಾಮ ಇಡೀ ದೇಹಕ್ಕೆ ಹರಡುತ್ತದೆ. ಕೆಳಗಿನ ಹಂತಕ್ಕೆ ಬಂದಷ್ಟೂ ಬೇಕಾದ ಅಂಗವನ್ನು ಆರಿಸಿಕೊಳ್ಳುವ ಅವಕಾಶ ಹೆಚ್ಚುತ್ತದೆ. ಇಂದು ಬಳಕೆಯಲ್ಲಿರುವ ಬಹುಪಾಲು ಔಷಧಗಳು ಕೊನೆಯ ಹಂತದವು ಎಂಬುದಕ್ಕೆ ಕಾರಣ ಇದೇ.

ಹಂತ 2: ನಾಲ್ಕು ಗ್ರಾಹಕಗಳ ಪರಿಚಯ ಮಾಡಿಕೊಳ್ಳಿ

1906ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಒಂದು ಒಗಟನ್ನು ಕಂಡರು. ಅಡ್ರಿನಲಿನ್ ಕೊಟ್ಟರೆ ಪ್ರಾಣಿಯ ರಕ್ತದೊತ್ತಡ ಏರಬೇಕು. ಆದರೆ ಮೊದಲು ಅರ್ಗಟ್ ಎಂಬ ಶಿಲೀಂಧ್ರದ ಸತ್ವ ಕೊಟ್ಟು ಆಮೇಲೆ ಅಡ್ರಿನಲಿನ್ ಕೊಟ್ಟಾಗ ರಕ್ತದೊತ್ತಡ ಇಳಿಯಿತು. ಇದಕ್ಕೆ ತೃಪ್ತಿಕರ ವಿವರಣೆ ದೊರೆತದ್ದು ನಾಲ್ಕು ದಶಕಗಳ ನಂತರ, 1948ರಲ್ಲಿ. ಅಡ್ರಿನಲಿನ್ ಒಂದೇ ಆದರೂ ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳು ಎರಡು ಬಗೆಯವೆಂದು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ ವಾದಿಸಿ ಅವಕ್ಕೆ ಆಲ್ಫಾ, ಬೀಟಾ ಎಂದು ಹೆಸರಿಟ್ಟರು. ಅರ್ಗಟ್ ಆಲ್ಫಾವನ್ನು ಮುಚ್ಚಿತ್ತು, ಹಾಗಾಗಿ ರಕ್ತನಾಳಗಳನ್ನು ಬಿಗಿಗೊಳಿಸುವ ಕೆಲಸ ನಿಂತು, ಸಡಿಲಗೊಳಿಸುವ ಬೀಟಾದ ಕೆಲಸವಷ್ಟೇ ಉಳಿದಿತ್ತು. ಆ ಕಾಲದಲ್ಲಿ ಈ ವಾದಕ್ಕೆ ಹೆಚ್ಚು ಬೆಲೆ ಸಿಗಲಿಲ್ಲ. ಈ ಲೇಖನದಲ್ಲಿ ಬರುವ ಬಹುಪಾಲು ಔಷಧಗಳು ನಿಂತಿರುವುದು ಅದೇ ವಾದದ ಮೇಲೆ.

ಆ ಎರಡನ್ನೂ ಮುಂದೆ ಮತ್ತೆ ವಿಂಗಡಿಸಲಾಯಿತು. ಆಲ್ಫಾ-1 ರಕ್ತನಾಳಗಳ ಗೋಡೆಯಲ್ಲಿ, ಮೂತ್ರಕೋಶದ ಕುತ್ತಿಗೆ ಮತ್ತು ಪ್ರಾಸ್ಟೇಟ್ ಗ್ರಂಥಿಯ ಸ್ನಾಯುವಿನಲ್ಲಿ, ಕಣ್ಣಿನ ಪಾಪೆಯನ್ನು ಅಗಲಿಸುವ ಸ್ನಾಯುವಿನಲ್ಲಿ ಇರುತ್ತದೆ. ಇದು ಚುರುಕುಗೊಂಡರೆ ಈ ಎಲ್ಲ ಕಡೆ ಸ್ನಾಯು ಬಿಗಿಯುತ್ತದೆ. ಆಲ್ಫಾ-2 ನರದ ತುದಿಯ ಮೇಲೆಯೂ ಮೆದುಳಿನಲ್ಲಿಯೂ ಇದ್ದು, ನಾರ್‌ಅಡ್ರಿನಲಿನ್ ಸಾಕಷ್ಟು ಹೊರಬಿದ್ದಾಗ ಇನ್ನು ಸಾಕು ಎಂದು ತಡೆಯುವ ಕಡಿವಾಣವಾಗಿ ಕೆಲಸ ಮಾಡುತ್ತದೆ. ಬೀಟಾ-1 ಮುಖ್ಯವಾಗಿ ಹೃದಯದಲ್ಲಿದ್ದು ಬಡಿತದ ವೇಗವನ್ನೂ ಬಲವನ್ನೂ ಹೆಚ್ಚಿಸುತ್ತದೆ. ಮೂತ್ರಪಿಂಡದಲ್ಲಿ ರೆನಿನ್ ಬಿಡುಗಡೆ ಮಾಡಿಸಿ ರಕ್ತದೊತ್ತಡ ಏರಿಸುತ್ತದೆ. ಬೀಟಾ-2 ಶ್ವಾಸನಾಳಗಳನ್ನು ಹಿಗ್ಗಿಸುತ್ತದೆ, ಸ್ನಾಯುಗಳ ರಕ್ತನಾಳಗಳನ್ನು ಸಡಿಲಿಸುತ್ತದೆ, ಯಕೃತ್ತಿನಿಂದ ಸಕ್ಕರೆಯನ್ನು ಹೊರತರುತ್ತದೆ, ಕೈ ನಡುಗಿಸುತ್ತದೆ. ಬೀಟಾ-3 ಎಂಬುದೂ ಇದೆ, ಆದರೆ ತಡೆಯುವ ಔಷಧಗಳ ಮಟ್ಟಿಗೆ ಅದನ್ನು ಬದಿಗಿಡಬಹುದು.

ತಡೆ ಔಷಧದ ಅಣು ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ, ಆದರೆ ಅದನ್ನು ಚುರುಕುಗೊಳಿಸುವುದಿಲ್ಲ; ಕುರ್ಚಿಯನ್ನು ಹಿಡಿದು ಸುಮ್ಮನೆ ಕುಳಿತವರಂತೆ, ನಿಜವಾಗಿ ಕೆಲಸ ಮಾಡಬೇಕಾದವರಿಗೆ ಜಾಗ ಸಿಗದ ಹಾಗೆ ಮಾಡುತ್ತದೆ. ಹೆಚ್ಚಿನ ಔಷಧಗಳಲ್ಲಿ ಇದು ಸ್ಪರ್ಧೆ. ನಾರ್‌ಅಡ್ರಿನಲಿನ್ ಬಹಳ ಹೆಚ್ಚಿದರೆ ಔಷಧವನ್ನು ಪಕ್ಕಕ್ಕೆ ತಳ್ಳಬಲ್ಲದು. ಫಿನಾಕ್ಸಿಬೆಂಜಮಿನ್‌ನಂಥ ಕೆಲವೇ ಔಷಧಗಳು ಗ್ರಾಹಕಕ್ಕೆ ಶಾಶ್ವತವಾಗಿ ಬೆಸೆದುಕೊಳ್ಳುತ್ತವೆ, ಅವುಗಳ ಪರಿಣಾಮ ಇಳಿಯಬೇಕಾದರೆ ದೇಹ ಹೊಸ ಗ್ರಾಹಕಗಳನ್ನೇ ತಯಾರಿಸಬೇಕು.

ಹಂತ 3: ಮಾತ್ರೆಯ ಮೂಲ ಹೆಸರನ್ನು ಓದಿ

ಕಂಪನಿ ಇಟ್ಟ ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು, ಅದರ ಕೆಳಗೆ ಸಣ್ಣದಾಗಿ ಮುದ್ರಿಸಿರುವ ಔಷಧದ ಮೂಲ ಹೆಸರನ್ನು ನೋಡಿ. ಅದರ ಕೊನೆಯ ಅಕ್ಷರಗಳು ಬಹಳಷ್ಟನ್ನು ಹೇಳುತ್ತವೆ. ಪ್ರೊಪ್ರನೊಲಾಲ್, ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ನೆಬಿವೊಲಾಲ್, ಕಾರ್ವೆಡಿಲಾಲ್, ಲ್ಯಾಬೆಟಲಾಲ್ ಹೀಗೆ ‘ಲಾಲ್’ ಎಂದು ಮುಗಿದರೆ ಅದು ಬೀಟಾ ತಡೆ (ಬೀಟಾ ಬ್ಲಾಕರ್). ಪ್ರಾಜೊಸಿನ್, ಟೆರಾಜೊಸಿನ್, ಡಾಕ್ಸಜೊಸಿನ್, ಟ್ಯಾಮ್ಸುಲೊಸಿನ್, ಸಿಲೊಡೊಸಿನ್ ಇವು ಆಲ್ಫಾ-1 ತಡೆಗಳು. ಆದರೆ ‘ಮೈಸಿನ್’ ಎಂದು ಮುಗಿಯುವ ಆಂಟಿಬಯಾಟಿಕ್‌ಗಳಿಗೂ ಇವಕ್ಕೂ ಸಂಬಂಧವಿಲ್ಲ. ಹಾಗೆಯೇ ಅಸ್ತಮಾಕ್ಕೆ ಬಳಸುವ ಸಾಲ್ಬುಟಮಾಲ್ ಎಂಬುದು ಬೀಟಾ-2 ಗ್ರಾಹಕವನ್ನು ತಡೆಯುವ ಬದಲು ಚುರುಕುಗೊಳಿಸುವ, ಅಂದರೆ ತದ್ವಿರುದ್ಧ ಕೆಲಸದ ಔಷಧ. ಕ್ಲೋನಿಡಿನ್, ಮೀಥೈಲ್‌ಡೋಪಾ, ಮಾಕ್ಸೊನಿಡಿನ್ ಮೆದುಳಿನ ಹಂತದಲ್ಲಿ ಕೆಲಸ ಮಾಡುವಂಥವು.

ಒಂದೇ ಮಾತ್ರೆಯಲ್ಲಿ ಎರಡು ಔಷಧಗಳಿರುವುದು ಸಾಮಾನ್ಯ. ಬೀಟಾ ತಡೆಯ ಜೊತೆಗೆ ಆಮ್ಲೊಡಿಪಿನ್ ಅಥವಾ ಮೂತ್ರ ಹೆಚ್ಚಿಸುವ ಔಷಧ ಸೇರಿರಬಹುದು. ಇಬ್ಬರು ವೈದ್ಯರು ಎರಡು ಬೇರೆ ಹೆಸರಿನ ಮಾತ್ರೆ ಬರೆದು, ಎರಡರಲ್ಲೂ ಒಂದೇ ಬೀಟಾ ತಡೆ ಇದ್ದುಬಿಡುವ ಸಾಧ್ಯತೆ ಇರುವುದರಿಂದ, ಪಟ್ಟಿಯಲ್ಲಿರುವ ಎಲ್ಲ ಮೂಲ ಹೆಸರುಗಳನ್ನೂ ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು ಪ್ರತಿ ಭೇಟಿಯಲ್ಲೂ ತೋರಿಸಿ.

ಹಂತ 4: ಬೀಟಾ ತಡೆಯಾಗಿದ್ದರೆ

ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವಿಗೆ 1950ರ ದಶಕದವರೆಗೂ ಎಲ್ಲರೂ ಹುಡುಕುತ್ತಿದ್ದದ್ದು ರಕ್ತದ ಪೂರೈಕೆಯನ್ನು ಹೆಚ್ಚಿಸುವ ಉಪಾಯವನ್ನು. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಇದನ್ನು ತಿರುಗಿಸಿ ಯೋಚಿಸಿದರು: ಪೂರೈಕೆ ಹೆಚ್ಚಿಸಲಾಗದಿದ್ದರೆ ಹೃದಯದ ಬೇಡಿಕೆಯನ್ನೇ ಇಳಿಸಬಾರದೇಕೆ? ಹೃದಯ ನಿಧಾನವಾಗಿ, ಕಡಿಮೆ ಬಲದಿಂದ ಬಡಿದರೆ ಅದಕ್ಕೆ ಬೇಕಾದ ಆಮ್ಲಜನಕವೂ ಕಡಿಮೆ. ಆಲ್‌ಕ್ವಿಸ್ಟರ ಬೀಟಾ ಗ್ರಾಹಕವನ್ನು ಗುರಿಯಾಗಿಟ್ಟುಕೊಂಡು ಅವರ ತಂಡ ಮೊದಲು ಪ್ರೊನೆಥಲಾಲ್ ಅನ್ನು ರೂಪಿಸಿತು. ಅದು ಇಲಿಗಳಲ್ಲಿ ಗಡ್ಡೆ ಉಂಟುಮಾಡಿದ್ದರಿಂದ ಕೈಬಿಟ್ಟು, 1960ರ ದಶಕದ ನಡುವೆ ಪ್ರೊಪ್ರನೊಲಾಲ್ ಅನ್ನು ಬಳಕೆಗೆ ತಂದಿತು. 1988ರ ನೊಬೆಲ್ ವೈದ್ಯಕೀಯ ಪ್ರಶಸ್ತಿಯನ್ನು ಬ್ಲ್ಯಾಕ್ ಅವರು ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಜೊತೆ ಹಂಚಿಕೊಂಡರು.

ನಿಮ್ಮ ಬೀಟಾ ತಡೆ ಯಾವ ಉಪಗುಂಪಿನದು ಎಂಬುದನ್ನು ಮೊದಲು ಕೇಳಿ ತಿಳಿಯಿರಿ. ಪ್ರೊಪ್ರನೊಲಾಲ್ ಬೀಟಾ-1, ಬೀಟಾ-2 ಎರಡನ್ನೂ ತಡೆಯುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ನೆಬಿವೊಲಾಲ್ ಹೆಚ್ಚಾಗಿ ಬೀಟಾ-1ಕ್ಕೇ ಅಂಟುತ್ತವೆ, ಆದರೆ ಪ್ರಮಾಣ ಏರಿದಂತೆ ಈ ಭೇದಭಾವ ಕರಗುತ್ತದೆ. ಕಾರ್ವೆಡಿಲಾಲ್ ಮತ್ತು ಲ್ಯಾಬೆಟಲಾಲ್ ಬೀಟಾ ಗ್ರಾಹಕಗಳ ಜೊತೆಗೆ ಆಲ್ಫಾ-1 ಅನ್ನೂ ತಡೆಯುವುದರಿಂದ ರಕ್ತನಾಳಗಳೂ ಸಡಿಲಗೊಳ್ಳುತ್ತವೆ. ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಪ್ರೊಪ್ರನೊಲಾಲ್ ಮೆದುಳನ್ನೂ ತಲುಪುತ್ತದೆ. ಕೆಟ್ಟ ಕನಸು, ನಿದ್ರೆಯ ತೊಂದರೆ ಕೆಲವರಲ್ಲಿ ಕಾಣುವುದು ಅದಕ್ಕೇ. ಅಟೆನೊಲಾಲ್ ನೀರಿನಲ್ಲಿ ಕರಗುವಂಥದ್ದು, ಮೂತ್ರಪಿಂಡಗಳ ಮೂಲಕ ಹೊರಹೋಗುತ್ತದೆ. ಆದ್ದರಿಂದ ಮೂತ್ರಪಿಂಡಗಳು ದುರ್ಬಲವಾಗಿದ್ದರೆ ಅದರ ಪ್ರಮಾಣ ತಗ್ಗಿಸಬೇಕಾಗುತ್ತದೆ.

ಉಪಯೋಗಗಳ ಹರವು ಅಚ್ಚರಿ ಹುಟ್ಟಿಸುವಷ್ಟು ದೊಡ್ಡದು. ಎದೆನೋವು, ಹೃದಯಾಘಾತದ ನಂತರದ ರಕ್ಷಣೆ, ವೇಗದ ಹಾಗೂ ಕ್ರಮ ತಪ್ಪಿದ ಬಡಿತ, ರಕ್ತದೊತ್ತಡ, ಥೈರಾಯ್ಡ್ ಅತಿಯಾದಾಗಿನ ಎದೆಬಡಿತ ಮತ್ತು ನಡುಕ, ಮೈಗ್ರೇನ್ ಬಾರದಂತೆ ತಡೆ, ವಂಶಪಾರಂಪರ್ಯದ ಕೈ ನಡುಕ, ಯಕೃತ್ತಿನ ಸಿರೋಸಿಸ್‌ನಲ್ಲಿ ಅನ್ನನಾಳದ ಉಬ್ಬಿದ ರಕ್ತನಾಳಗಳು ಒಡೆಯದಂತೆ ಕಾಪಾಡುವುದು, ಇವೆಲ್ಲಕ್ಕೂ ಇವು ಬಳಕೆಯಾಗುತ್ತವೆ. ಶಿಶುಗಳ ಚರ್ಮದ ಮೇಲೆ ಬೆಳೆಯುವ ಕೆಂಪು ರಕ್ತನಾಳದ ಗಡ್ಡೆ ಪ್ರೊಪ್ರನೊಲಾಲ್‌ನಿಂದ ಕುಗ್ಗುತ್ತದೆ ಎಂಬುದನ್ನು 2008ರಲ್ಲಿ ಫ್ರಾನ್ಸಿನ ವೈದ್ಯರು ವರದಿ ಮಾಡಿದರು. ಮಗುವಿಗೆ ಬೇರೆ ಕಾರಣಕ್ಕೆ ಕೊಟ್ಟಾಗ ಆಕಸ್ಮಿಕವಾಗಿ ಕಂಡ ಪರಿಣಾಮ ಅದು. ಟಿಮೊಲಾಲ್ ಹನಿ ಕಣ್ಣಿನೊಳಗಿನ ದ್ರವದ ಉತ್ಪಾದನೆಯನ್ನು ತಗ್ಗಿಸಿ ಒತ್ತಡ ಇಳಿಸುತ್ತದೆ. ಆದರೆ ಬೇರೆ ತೊಂದರೆ ಇಲ್ಲದ ಸಾಮಾನ್ಯ ರಕ್ತದೊತ್ತಡಕ್ಕೆ ಮೊದಲ ಆಯ್ಕೆಯಾಗಿ ಬೀಟಾ ತಡೆಯನ್ನು ಇಂದಿನ ಹಲವು ಮಾರ್ಗಸೂಚಿಗಳು ಮುಂದಿಡುವುದಿಲ್ಲ. ಪಾರ್ಶ್ವವಾಯು ತಡೆಯುವುದರಲ್ಲಿ ಬೇರೆ ಗುಂಪುಗಳ ಔಷಧಗಳು ಹೆಚ್ಚು ಸಮರ್ಥವೆಂದು ಕಂಡುಬಂದದ್ದು ಅದಕ್ಕೆ ಕಾರಣ. ನಿಮಗೆ ಬೀಟಾ ತಡೆ ಏಕೆ ಆರಿಸಿದ್ದಾರೆಂದು ಕೇಳುವುದರಲ್ಲಿ ಸಂಕೋಚ ಬೇಡ. ಬಹಳ ಸಲ ಅದಕ್ಕೆ ಹೃದಯಕ್ಕೆ ಸಂಬಂಧಿಸಿದ ಒಳ್ಳೆಯ ಕಾರಣವಿರುತ್ತದೆ.

ಹೃದಯ ವೈಫಲ್ಯದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ದುರ್ಬಲವಾದ ಹೃದಯಕ್ಕೆ ಅದರ ಬಲ ತಗ್ಗಿಸುವ ಔಷಧ ಕೊಡುವುದು ಅಪಾಯವೆಂದು ದಶಕಗಳ ಕಾಲ ಎಲ್ಲ ವೈದ್ಯರಿಗೂ ಕಲಿಸಲಾಗುತ್ತಿತ್ತು. 1975ರಲ್ಲಿ ಸ್ವೀಡನ್ನಿನ ವಾಗ್‌ಸ್ಟೈನ್ ಮತ್ತು ಸಂಗಡಿಗರು ಕೆಲವೇ ರೋಗಿಗಳಲ್ಲಿ ಇದಕ್ಕೆ ವಿರುದ್ಧವಾದ ಫಲ ಕಂಡಾಗ ನಂಬಿದವರು ಕಡಿಮೆ. 1999ರಲ್ಲಿ ಬಿಸೊಪ್ರೊಲಾಲ್ ಮತ್ತು ಮೆಟೊಪ್ರೊಲಾಲ್‌ಗಳ ಎರಡು ದೊಡ್ಡ ಪ್ರಯೋಗಗಳು ಸಾವಿನ ಪ್ರಮಾಣ ಸುಮಾರು ಮೂರನೇ ಒಂದು ಭಾಗದಷ್ಟು ಇಳಿಯಿತೆಂದು ತೋರಿಸಿದವು. ಕಾರಣ ಹೀಗಿದೆ: ಸೋಲುತ್ತಿರುವ ಹೃದಯವನ್ನು ದೇಹ ನಾರ್‌ಅಡ್ರಿನಲಿನ್‌ನಿಂದ ಬಿಡುವಿಲ್ಲದೆ ಬಡಿದೆಬ್ಬಿಸುತ್ತಿರುತ್ತದೆ, ಆ ಒತ್ತಾಯವೇ ದೀರ್ಘಕಾಲದಲ್ಲಿ ಹೃದಯದ ಕೋಶಗಳನ್ನು ಸವೆಸುತ್ತದೆ. ಅದನ್ನು ತಡೆದರೆ ಮೊದಲ ವಾರಗಳಲ್ಲಿ ಆಯಾಸ ಹೆಚ್ಚಿದರೂ ತಿಂಗಳುಗಳಲ್ಲಿ ಹೃದಯ ಚೇತರಿಸಿಕೊಳ್ಳುತ್ತದೆ. ಹೀಗಾಗಿಯೇ ಬಿಸೊಪ್ರೊಲಾಲ್ ಅನ್ನು ದಿನಕ್ಕೆ 1.25 ಮಿಲಿಗ್ರಾಂನಷ್ಟು ಕಡಿಮೆಯಿಂದ ಶುರುಮಾಡಿ, ಎರಡು ವಾರಕ್ಕಿಂತ ಬೇಗ ಏರಿಸದೆ, ಸಹಿಸಿಕೊಂಡರೆ 10 ಮಿಲಿಗ್ರಾಂವರೆಗೆ ಒಯ್ಯುತ್ತಾರೆ. ಮೊದಲ ವಾರಗಳ ಸುಸ್ತನ್ನು ಕಂಡು ‘ಈ ಮಾತ್ರೆ ನನಗೆ ಒಗ್ಗಲಿಲ್ಲ’ ಎಂದು ತಾವಾಗಿ ಬಿಟ್ಟುಬಿಟ್ಟವರು ಕಳೆದುಕೊಳ್ಳುವುದು ಬಹಳ. ಬಿಡುವ ಮುನ್ನ ವೈದ್ಯರ ಬಳಿ ಒಮ್ಮೆ ಮಾತಾಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಅದೇ ವೇಳೆ, ಮೂರು ದಿನಗಳಲ್ಲಿ 2 ಕಿಲೋಗಿಂತ ಹೆಚ್ಚು ತೂಕ ಏರಿದರೆ, ಕಾಲು ಊದಿಕೊಂಡರೆ, ಮಲಗಿದಾಗ ಉಸಿರು ಕಟ್ಟಿದರೆ ಅದು ಕಾಯುವ ಹೊತ್ತಲ್ಲ, ತಿಳಿಸಲೇಬೇಕು.

ಹಂತ 5: ಆಲ್ಫಾ ತಡೆಯಾಗಿದ್ದರೆ

ಆಲ್ಫಾ-1 ಮುಚ್ಚಿದಾಗ ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಇಳಿಯುತ್ತದೆ, ಮೂತ್ರಕೋಶದ ಕುತ್ತಿಗೆ ಸಡಿಲಗೊಂಡು ಮೂತ್ರದ ಹರಿವು ಹೆಚ್ಚುತ್ತದೆ. ಪ್ರಾಸ್ಟೇಟ್ ಗ್ರಂಥಿಯ ಗಾತ್ರವನ್ನು ಇವು ಕುಗ್ಗಿಸುವುದಿಲ್ಲ, ದಾರಿಯ ಬಿಗಿತವನ್ನಷ್ಟೇ ತಗ್ಗಿಸುತ್ತವೆ. ಅದಕ್ಕೇ ಕೆಲವೇ ದಿನಗಳಲ್ಲಿ ಆರಾಮ ಕಾಣುತ್ತದೆ, ಮಾತ್ರೆ ಬಿಟ್ಟರೆ ತೊಂದರೆಯೂ ಮರಳುತ್ತದೆ. ಟ್ಯಾಮ್ಸುಲೊಸಿನ್ ಮತ್ತು ಸಿಲೊಡೊಸಿನ್ ಪ್ರಾಸ್ಟೇಟ್‌ನಲ್ಲಿ ಹೆಚ್ಚಾಗಿರುವ ಆಲ್ಫಾ-1ಎ ಉಪಬಗೆಯನ್ನು ಆರಿಸಿಕೊಳ್ಳುವುದರಿಂದ ಅವುಗಳಿಂದ ರಕ್ತದೊತ್ತಡದ ಇಳಿಕೆ ಕಡಿಮೆ. ವೀರ್ಯ ಹೊರಬೀಳದಿರುವುದು ಅಥವಾ ತೀರ ಕಡಿಮೆಯಾಗುವುದು ಇವುಗಳ ಪರಿಚಿತ ಅಡ್ಡಪರಿಣಾಮ. ಇದು ಅಪಾಯವಲ್ಲ, ಆದರೆ ಮೊದಲೇ ತಿಳಿದಿಲ್ಲದವರು ಗಾಬರಿಯಾಗುತ್ತಾರೆ.

ಪ್ರಾಜೊಸಿನ್, ಡಾಕ್ಸಜೊಸಿನ್‌ಗಳ ಮೊದಲ ಮಾತ್ರೆ ವಿಶೇಷ ಎಚ್ಚರ ಬೇಡುತ್ತದೆ. ಎದ್ದು ನಿಂತಾಗ ರಕ್ತನಾಳಗಳನ್ನು ಬಿಗಿಗೊಳಿಸುವ ಆಲ್ಫಾ-1 ಇದ್ದಕ್ಕಿದ್ದಂತೆ ಮುಚ್ಚಿದಾಗ ಕಣ್ಣು ಕತ್ತಲಿಟ್ಟು ಬಿದ್ದುಬಿಡಬಹುದು. ಆದುದರಿಂದ ಅತಿ ಕಡಿಮೆ ಪ್ರಮಾಣವನ್ನು, ಮಲಗುವ ಹೊತ್ತಿನಲ್ಲಿ ಕೊಡುವ ರೂಢಿ. ಆ ರಾತ್ರಿ ಮೂತ್ರಕ್ಕೆ ಏಳಬೇಕಾದರೆ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಹಿಡಿದುಕೊಂಡು ಎದ್ದೇಳಿ. ಮರುದಿನ ವಾಹನ ಓಡಿಸುವ ಮುನ್ನ ಮೈ ಹೇಗಿದೆ ಎಂದು ನೋಡಿಕೊಳ್ಳಿ. ಕೆಲವು ದಿನ ಮಾತ್ರೆ ತಪ್ಪಿಸಿದ್ದರೆ ಹಿಂದಿನ ದೊಡ್ಡ ಪ್ರಮಾಣಕ್ಕೆ ನೇರವಾಗಿ ಮರಳಬೇಡಿ. ಆ ದಿನ ಮತ್ತೆ ಮೊದಲ ದಿನವೇ ಆಗಿರುತ್ತದೆ. ಲೈಂಗಿಕ ದೌರ್ಬಲ್ಯಕ್ಕೆ ಸಿಲ್ಡೆನಾಫಿಲ್‌ನಂಥ ಔಷಧ ಬಳಸುವವರು ಅದನ್ನು ಮುಚ್ಚಿಡದೆ ಹೇಳಬೇಕು, ಎರಡೂ ಸೇರಿದರೆ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಹೋಗುವವರು ಟ್ಯಾಮ್ಸುಲೊಸಿನ್ ವಿಷಯವನ್ನು ಕಣ್ಣಿನ ವೈದ್ಯರಿಗೆ ಹೇಳಲೇಬೇಕು. ಪಾಪೆಯನ್ನು ಅಗಲಿಸುವ ಸ್ನಾಯುವಿನಲ್ಲೂ ಆಲ್ಫಾ-1 ಇದೆಯಷ್ಟೆ. ಔಷಧದಿಂದ ಅದು ಸಡಿಲವಾಗಿ, ಶಸ್ತ್ರಚಿಕಿತ್ಸೆಯ ನಡುವೆ ಪಾಪೆ ಕುಗ್ಗಿ ಅದರ ಸುತ್ತಲಿನ ಬಣ್ಣದ ಪರದೆ (ಐರಿಸ್) ಜೋಲುತ್ತದೆ ಎಂಬುದನ್ನು 2005ರಲ್ಲಿ ಗುರುತಿಸಲಾಯಿತು. ಮಾತ್ರೆಯನ್ನು ಕೆಲವು ದಿನ ಮೊದಲು ನಿಲ್ಲಿಸಿದರೂ ಇದು ತಪ್ಪುತ್ತದೆಂಬ ಭರವಸೆ ಇಲ್ಲ. ಮುಂಚಿತವಾಗಿ ತಿಳಿದಿದ್ದರೆ ಶಸ್ತ್ರವೈದ್ಯರು ಬೇಕಾದ ಸಿದ್ಧತೆ ಮಾಡಿಕೊಳ್ಳುತ್ತಾರೆ.

ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೊಮೊಸೈಟೋಮಾ ಎಂಬ ಅಪರೂಪದ ಗಡ್ಡೆ ಬೆಳೆದು ಅಡ್ರಿನಲಿನ್, ನಾರ್‌ಅಡ್ರಿನಲಿನ್ ಉಕ್ಕಿ ಹರಿಯುವಾಗ, ಮೊದಲು ಆಲ್ಫಾ ತಡೆ, ಆಮೇಲಷ್ಟೇ ಬೀಟಾ ತಡೆ ಎಂಬ ಕ್ರಮವನ್ನು ಮೀರುವಂತಿಲ್ಲ. ಬೀಟಾವನ್ನು ಮೊದಲು ಮುಚ್ಚಿದರೆ ರಕ್ತನಾಳಗಳನ್ನು ಸಡಿಲಿಸುವ ಬೀಟಾ-2ರ ಕೆಲಸ ನಿಂತು, ಬಿಗಿಗೊಳಿಸುವ ಆಲ್ಫಾ-1ಕ್ಕೆ ಎದುರಾಳಿಯೇ ಇಲ್ಲದಂತಾಗಿ ರಕ್ತದೊತ್ತಡ ಭೀಕರವಾಗಿ ಏರುತ್ತದೆ. ಡೇಲ್ ಅವರ ಒಗಟನ್ನು ತಿರುಗಿಸಿ ಓದಿದರೆ ದೊರೆಯುವ ಪಾಠವೇ ಇದು.

ಹಂತ 6: ಔಷಧ ಮೆದುಳಿನಲ್ಲೋ ನರದಲ್ಲೋ ಕೆಲಸ ಮಾಡುವುದಾಗಿದ್ದರೆ

ಕ್ಲೋನಿಡಿನ್ ಗ್ರಾಹಕವನ್ನು ತಡೆಯುವುದಿಲ್ಲ, ಚುರುಕುಗೊಳಿಸುತ್ತದೆ. ಆದರೆ ಅದು ಚುರುಕುಗೊಳಿಸುವುದು ಕಡಿವಾಣವಾದ ಆಲ್ಫಾ-2 ಅನ್ನು; ಹೀಗಾಗಿ ಮೆದುಳಿನಿಂದ ಹೊರಡುವ ಆಜ್ಞೆಯೇ ಕುಗ್ಗುತ್ತದೆ. ಮೀಥೈಲ್‌ಡೋಪಾ ದೇಹದೊಳಗೆ ಇಂಥದೇ ಕೆಲಸ ಮಾಡುವ ರಾಸಾಯನಿಕವಾಗಿ ಮಾರ್ಪಡುತ್ತದೆ. ಮೆದುಳನ್ನು ಮುಟ್ಟುವುದರಿಂದ ತೂಕಡಿಕೆ, ಬಾಯಿ ಒಣಗುವಿಕೆ, ಮಂಕು ಇವುಗಳ ಜೊತೆಗೇ ಬರುತ್ತವೆ. ಬಸುರಿನಲ್ಲಿ ಮೀಥೈಲ್‌ಡೋಪಾಕ್ಕೆ ದೀರ್ಘಕಾಲದ ಸುರಕ್ಷತೆಯ ಅನುಭವವಿದೆ, ಅದಕ್ಕಾಗಿಯೇ ಅದು ಇನ್ನೂ ಉಳಿದುಕೊಂಡಿದೆ. ಹೆರಿಗೆಯ ನಂತರ ಮನಸ್ಸು ಕುಗ್ಗುವ ಸಾಧ್ಯತೆಯನ್ನು ಗಮನದಲ್ಲಿಟ್ಟು ಸಾಮಾನ್ಯವಾಗಿ ಬೇರೆ ಔಷಧಕ್ಕೆ ಬದಲಾಯಿಸುತ್ತಾರೆ. ಇದೇ ಆಲ್ಫಾ-2 ಮಾರ್ಗವನ್ನು ಬಳಸುವ ಡೆಕ್ಸ್‌ಮೆಡಿಟೊಮಿಡಿನ್ ತೀವ್ರ ನಿಗಾ ಘಟಕದಲ್ಲಿ ರೋಗಿಯನ್ನು ಶಾಂತವಾಗಿಡಲು ಬಳಕೆಯಾಗುತ್ತದೆ.

ನರಗಂಟನ್ನೇ ತಡೆಯುವ ಹೆಕ್ಸಾಮಿಥೋನಿಯಂ ಒಂದು ಕಾಲದಲ್ಲಿ ತೀವ್ರ ರಕ್ತದೊತ್ತಡಕ್ಕೆ ಬಳಕೆಯಲ್ಲಿತ್ತು. ನರಗಂಟಿನ ಮಟ್ಟದಲ್ಲಿ ಎರಡೂ ವಿಭಾಗಗಳು ಅಸಿಟೈಲ್‌ಕೋಲಿನನ್ನೇ ಬಳಸುವುದರಿಂದ ಅದು ಸಿಂಪಥೆಟಿಕ್, ಪ್ಯಾರಾಸಿಂಪಥೆಟಿಕ್ ಎಂಬ ಭೇದವಿಲ್ಲದೆ ಎಲ್ಲವನ್ನೂ ನಿಲ್ಲಿಸುತ್ತಿತ್ತು. ಮಲಬದ್ಧತೆ, ಮೂತ್ರ ಕಟ್ಟುವುದು, ಮಸುಕು ನೋಟ, ನಿಂತರೆ ಕುಸಿಯುವುದು ಎಲ್ಲವೂ ಒಟ್ಟಿಗೆ ಬರುತ್ತಿದ್ದವು. ಸರ್ಪಗಂಧದ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರಿಸರ್ಪಿನ್ ನರದ ತುದಿಯಲ್ಲಿ ನಾರ್‌ಅಡ್ರಿನಲಿನ್ ಸಂಗ್ರಹವಾಗದಂತೆ ಮಾಡಿ ದಾಸ್ತಾನನ್ನೇ ಬರಿದುಮಾಡುತ್ತದೆ. ಆ ಬೇರು ರಕ್ತದೊತ್ತಡ ಇಳಿಸುತ್ತದೆಂಬುದನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್ ಮೂಲಕ ಜಗತ್ತಿನ ವೈದ್ಯರ ಗಮನಕ್ಕೆ ತಂದವರು ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್. ಮನೋಖಿನ್ನತೆಯ ಭಯದಿಂದ ರಿಸರ್ಪಿನ್ ಈಗ ಬಹುತೇಕ ಹಿಂದೆ ಸರಿದಿದೆ.

ಹಂತ 7: ಶುರುಮಾಡುವ ಮುನ್ನ ವೈದ್ಯರಿಗೆ ಇವನ್ನು ಹೇಳಿ

ಅಸ್ತಮಾ ಇದೆಯೇ ಎಂಬುದು ಮೊದಲನೆಯದು. ಬೀಟಾ-2 ಮುಚ್ಚಿದರೆ ಶ್ವಾಸನಾಳ ಬಿಗಿಯುತ್ತದೆ, ಮೇಲಾಗಿ ಸಾಲ್ಬುಟಮಾಲ್ ಇನ್‌ಹೇಲರ್ ಕೂಡ ಕೆಲಸ ಮಾಡದೆ ಹೋಗಬಹುದು. ಪ್ರೊಪ್ರನೊಲಾಲ್ ಅಸ್ತಮಾ ಇರುವವರಿಗೆ ಸಲ್ಲದು; ಬೀಟಾ-1ಕ್ಕೆ ಅಂಟುವಂಥವನ್ನೂ ಅನಿವಾರ್ಯವಿದ್ದಾಗ ಬಹಳ ಎಚ್ಚರದಿಂದಷ್ಟೇ ಕೊಡುತ್ತಾರೆ. ಕಣ್ಣಿನ ಹನಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಲ್ಲೇ ಅಪಾಯವಿರುವುದು. ಟಿಮೊಲಾಲ್ ಹನಿ ಕಣ್ಣಿನಿಂದ ಮೂಗಿನೊಳಕ್ಕೆ ಇಳಿದು ರಕ್ತ ಸೇರಿ ಅಸ್ತಮಾವನ್ನೂ ನಿಧಾನ ಬಡಿತವನ್ನೂ ತಂದ ಉದಾಹರಣೆಗಳಿವೆ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಬದಿಯ ಕಣ್ಣಿನ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ರಕ್ತ ಸೇರುವ ಪ್ರಮಾಣ ಕಡಿಮೆಯಾಗುತ್ತದೆ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ಬಹಳ ಇಳಿಸುವ ಮಾತ್ರೆ ಬಳಸುವವರು ಅದನ್ನು ತಿಳಿಸಬೇಕು. ಸಕ್ಕರೆ ಕುಸಿದಾಗ ಎಚ್ಚರಿಸುವ ಎದೆಬಡಿತ ಮತ್ತು ನಡುಕವನ್ನು ಬೀಟಾ ತಡೆ ಮರೆಮಾಚುತ್ತದೆ. ಬೆವರು ಮಾತ್ರ ಉಳಿಯುತ್ತದೆ, ಏಕೆಂದರೆ ಬೆವರಿನ ಗ್ರಂಥಿಗೆ ಆಜ್ಞೆ ತಲುಪಿಸುವುದು ಅಸಿಟೈಲ್‌ಕೋಲಿನ್. ಹಂತ 1ರ ಅಪವಾದ ಇದೇ. ಬೀಟಾ ತಡೆ ಬಳಸುವ ಮಧುಮೇಹಿ ಕಾರಣವಿಲ್ಲದೆ ಬೆವರಿದರೆ ತಕ್ಷಣ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು.

ಹೃದಯದ ವಿದ್ಯುತ್ ಸಂಚಾರದಲ್ಲಿ ತಡೆ, ಮೊದಲೇ ನಿಧಾನವಾಗಿರುವ ನಾಡಿ, ವೆರಪಮಿಲ್ ಅಥವಾ ಡಿಲ್ಟಿಯಜೆಮ್ ಎಂಬ ಹೃದಯದ ಔಷಧಗಳ ಬಳಕೆ, ಮೂತ್ರಪಿಂಡ ಮತ್ತು ಯಕೃತ್ತಿನ ತೊಂದರೆ, ಬಸುರು, ಹಿಂದೆ ತಲೆಸುತ್ತಿ ಬಿದ್ದದ್ದು, ಇವನ್ನೂ ಹೇಳಿ. ತೀವ್ರ ಅಲರ್ಜಿ ಇರುವವರು ಅದನ್ನು ಮರೆಯಬಾರದು: ಅಲರ್ಜಿಯ ಆಘಾತದಲ್ಲಿ ಪ್ರಾಣ ಉಳಿಸುವ ಅಡ್ರಿನಲಿನ್ ಚುಚ್ಚುಮದ್ದು ಬೀಟಾ ಮುಚ್ಚಿರುವ ದೇಹದಲ್ಲಿ ಸರಿಯಾಗಿ ಕೆಲಸ ಮಾಡದಿರಬಹುದು, ಆಗ ಗ್ಲುಕಗಾನ್ ಎಂಬ ಹಾರ್ಮೋನಿನ ಚುಚ್ಚುಮದ್ದು ಬೇಕಾಗಬಹುದು. ನೆಗಡಿಗೆ ಮೂಗು ಬಿಡಿಸುವ ಮಾತ್ರೆಗಳು ಮತ್ತು ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ರಕ್ತದೊತ್ತಡ ಇಳಿಸುವ ಪ್ರಯತ್ನಕ್ಕೆ ಎದುರಾಗಿ ನಿಲ್ಲುತ್ತವೆ.

ಹಂತ 8: ಮೊದಲ ವಾರಗಳಲ್ಲಿ ಅಳೆದು ಬರೆದಿಡಿ

ಐದು ನಿಮಿಷ ಶಾಂತವಾಗಿ ಕುಳಿತು ಅಥವಾ ಮಲಗಿ ರಕ್ತದೊತ್ತಡ ಮತ್ತು ನಾಡಿ ನೋಡಿ. ನಂತರ ಎದ್ದು ನಿಂತು ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ಅಳೆಯಿರಿ. ಮೇಲಿನ ಸಂಖ್ಯೆ 20, ಅಥವಾ ಕೆಳಗಿನದು 10 ಇಳಿದರೆ, ಅದನ್ನು ಬರೆದು ವೈದ್ಯರಿಗೆ ತೋರಿಸಿ. ಕುಳಿತಾಗಿನ ಓದು ಚೆನ್ನಾಗಿದೆಯೆಂದು ಸಮಾಧಾನಪಟ್ಟುಕೊಂಡು ನಿಂತಾಗಿನ ಕುಸಿತವನ್ನು ಕಾಣದೆ ಹೋಗುವುದೇ ಹಿರಿಯರು ಬಿದ್ದು ಮೂಳೆ ಮುರಿದುಕೊಳ್ಳಲು ಒಂದು ಕಾರಣ. ಬೀಟಾ ತಡೆ ಬಳಸುವವರಲ್ಲಿ ವಿಶ್ರಾಂತಿಯ ನಾಡಿ ನಿಮಿಷಕ್ಕೆ 50ಕ್ಕಿಂತ ಇಳಿದರೆ ವೈದ್ಯರಿಗೆ ತಿಳಿಸಿ. ಅದರ ಜೊತೆ ಕಣ್ಣು ಕತ್ತಲಿಡುವುದು, ಉಸಿರಾಟದ ಕಷ್ಟ ಇದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ವ್ಯಾಯಾಮದಲ್ಲಿ ನಾಡಿ ಹಿಂದಿನಷ್ಟು ಏರುವುದಿಲ್ಲ, ಆದ್ದರಿಂದ ನಾಡಿಯ ಗುರಿ ಇಟ್ಟುಕೊಂಡು ನಡೆಯುವವರು ಆ ಗುರಿಯನ್ನು ಬದಲಾಯಿಸಿಕೊಳ್ಳಬೇಕು. ಕೈಕಾಲು ತಣ್ಣಗಾಗುವುದು ಸಾಮಾನ್ಯ.

ಹಂತ 9: ಎಂದಿಗೂ ಥಟ್ಟನೆ ನಿಲ್ಲಿಸಬೇಡಿ

ಈ ಲೇಖನದ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದು ಇರಲಿ. ಗ್ರಾಹಕಗಳನ್ನು ತಿಂಗಳುಗಟ್ಟಲೆ ಮುಚ್ಚಿಟ್ಟಾಗ ಕೋಶಗಳು ಸುಮ್ಮನಿರುವುದಿಲ್ಲ, ಗ್ರಾಹಕಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತವೆ. ಔಷಧ ಒಮ್ಮೆಲೇ ನಿಂತರೆ ಸಾಧಾರಣ ಪ್ರಮಾಣದ ನಾರ್‌ಅಡ್ರಿನಲಿನ್ ಕೂಡ ಆ ಹೆಚ್ಚಿದ ಗ್ರಾಹಕಗಳ ಮೇಲೆ ಎರಗಿ ವೇಗದ ಬಡಿತ, ತೀವ್ರ ಎದೆನೋವು, ಹೃದಯಾಘಾತಕ್ಕೂ ಕಾರಣವಾಗಬಹುದು. ಆದ್ದರಿಂದ ಬೀಟಾ ತಡೆಯನ್ನು ಒಂದೆರಡು ವಾರಗಳ ಕಾಲ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ, ಹಂತಹಂತವಾಗಿ ಇಳಿಸುತ್ತಾರೆ. ಕ್ಲೋನಿಡಿನ್ ಇನ್ನೂ ಕಠಿಣ: ನಿಲ್ಲಿಸಿದ ಒಂದೆರಡು ದಿನಗಳಲ್ಲೇ ರಕ್ತದೊತ್ತಡ ಮೊದಲಿಗಿಂತ ಮೇಲಕ್ಕೆ ಚಿಮ್ಮಿ ತಲೆನೋವು, ಬೆವರು, ತಳಮಳ ಕಾಣಿಸಿಕೊಳ್ಳಬಹುದು. ಕ್ಲೋನಿಡಿನ್ ಮತ್ತು ಬೀಟಾ ತಡೆ ಎರಡನ್ನೂ ಬಳಸುವವರಲ್ಲಿ ಎರಡನ್ನೂ ಬಿಡಬೇಕಾದರೆ, ಬೀಟಾ ತಡೆಯನ್ನು ಮೊದಲು ಇಳಿಸಿ, ಕೆಲವು ದಿನಗಳ ನಂತರ ಕ್ಲೋನಿಡಿನ್ ಅನ್ನು ಇಳಿಸಲು ತೊಡಗುತ್ತಾರೆ.

ಊರಿಗೆ ಹೊರಡುವ ಮುನ್ನ ಮಾತ್ರೆ ಸಾಕಷ್ಟಿದೆಯೇ ನೋಡಿಕೊಳ್ಳಿ. ಒಂದು ಹೊತ್ತಿನ ಮಾತ್ರೆ ಮರೆತರೆ ನೆನಪಾದಾಗ ತೆಗೆದುಕೊಳ್ಳಬಹುದು. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ, ಎರಡು ಒಟ್ಟಿಗೆ ನುಂಗಬೇಡಿ. ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಅರಿವಳಿಕೆ ವೈದ್ಯರಿಗೆ ಔಷಧಗಳ ಪಟ್ಟಿ ತೋರಿಸಿ. ಬಹುಕಾಲದಿಂದ ಬೀಟಾ ತಡೆ ನುಂಗುತ್ತಿರುವವರಿಗೆ ಶಸ್ತ್ರಚಿಕಿತ್ಸೆಯ ಬೆಳಗ್ಗೆಯೂ ಒಂದು ಗುಟುಕು ನೀರಿನೊಂದಿಗೆ ಅದನ್ನು ಮುಂದುವರಿಸಲು ಸಾಮಾನ್ಯವಾಗಿ ಹೇಳುತ್ತಾರೆ, ಏನೂ ತಿನ್ನಬಾರದೆಂಬ ಸೂಚನೆಯನ್ನು ಮಾತ್ರೆಗೂ ಅನ್ವಯಿಸಿಕೊಂಡು ಬಿಟ್ಟುಬಿಡುವ ಮೊದಲು ಅವರನ್ನು ಕೇಳಿಕೊಳ್ಳಿ.